ಉದುರು ಸೈಕಲ್ಲಿನ ಯಜಮಾನರು

ಇನ್ನೊಬ್ಬರ ಸೈಕಲ್ಲನ್ನು ನಾನು ರಿಪೇರಿ ಮಾಡಿಸಿದ್ದು ಜೀವಮಾನದಲ್ಲಿ ಒಂದೇ ಸಲ. ಅದನ್ನು ಮಾಡಿಸಬಾರದಾಗಿತ್ತು. ಆ ಸೈಕಲ್ಲಿನ ಯಜಮಾನರು ಹೋದ ಆಷಾಢದಲ್ಲಿ ತೀರಿಕೊಂಡರು. ಮಧ್ಯಾಹ್ನ ಮುದ್ದೆ ಉಂಡು ಜಗಲಿಯ ಮೇಲೆ ಮಲಗಿದವರು ಮತ್ತೆ ಏಳಲಿಲ್ಲ. ಎಂಬತ್ತರ ಹತ್ತಿರ ವಯಸ್ಸಾಗಿತ್ತು. ನರಳಲಿಲ್ಲ, ನರಳಿಸಲಿಲ್ಲ, ಪುಣ್ಯಾತ್ಮ ಎಂದು ಊರೆಲ್ಲ ಹೇಳಿತು. ನನಗೂ ಹಾಗೇ ಅನ್ನಿಸಿತು. ಮಣ್ಣಿಗೆ ಹೋಗಿ ಬಂದ ಮೇಲೆ ಅವರ ವಿಷಯ ನಾಲ್ಕು ಮಾತು ಬರೆದಿಡಬೇಕು ಅನ್ನುವುದು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಹೆಸರು ಹಾಕುವುದಿಲ್ಲ. ಹಾಕಿದರೆ ಅವರ ಮನೆಯಾಕೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಕನ್ನಡಕ ಏರಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದುವ ಹೆಂಗಸು ಅವರು.

ನಾನು ಹೊಂಗನೂರಿನ ಆಚೆಗಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಚನ್ನಪಟ್ಟಣದಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬರುವುದು ಸಾಕಾಗಿ ಊರಲ್ಲೇ ಒಂದು ಮನೆ ಹಿಡಿದೆ. ಹೋದ ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೇನೆ, ರಸ್ತೆಯ ಆ ತುದಿಯಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆಯೊಂದು ಸೈಕಲ್ಲಿನ ಮೇಲೆ ಏಳುತ್ತಾ ಮುಳುಗುತ್ತಾ ಬರುತ್ತಿದೆ. ಸವಾರರ ತಲೆ ಒಂದು ಸಲ ಬೇಲಿಯ ಮೇಲಕ್ಕೆ ಕಾಣುತ್ತದೆ, ಮರುಕ್ಷಣ ಕಾಣುವುದಿಲ್ಲ. ರಸ್ತೆಗೆ ಆಗಷ್ಟೇ ಟಾರು ಬಿದ್ದಿತ್ತು. ಒಂದು ಹಳ್ಳವೂ ಇರಲಿಲ್ಲ. ಹತ್ತಿರ ಬಂದಾಗ ನೋಡಿದೆ. ಎರಡು ಚಕ್ರದ ಅಚ್ಚೂ ನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ.

ನನಗೊಂದು ಕೆಟ್ಟ ಚಾಳಿ. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆ ಕರೆಯಲು ಬಂದವರ ಎದುರಿಗೇ ಲಗ್ನಪತ್ರಿಕೆಯ ತಪ್ಪಿಗೆ ಕೆಂಪು ಗೆರೆ ಎಳೆದು ಹೆಂಡತಿಯ ಕೈಲಿ ಬೈಸಿಕೊಂಡವನು ನಾನು. ಬಾಯಲ್ಲಿ ಪೇಸ್ಟಿನ ನೊರೆ ಇದ್ದಂತೆಯೇ ಕೂಗಿದೆ.

"ಯಜಮಾನ್ರೇ, ನಿಮ್ಮ ಚಕ್ರದ ಕೇಂದ್ರ ತಪ್ಪಿದೆ."

ಅವರು ಕಾಲೂರಿ ನಿಂತರು. ನನ್ನ ಮುಖವನ್ನೂ ನೊರೆಯನ್ನೂ ಒಂದು ಗಳಿಗೆ ನೋಡಿದರು. "ತಪ್ಪಿಲ್ಲ ಸಾ. ಮೂರು ಬೆರಳು ಪಕ್ಕಕ್ಕೆ ಮಡಗಿದೀನಿ. ನಾಲ್ಕು ಬೆರಳು ಮಡಗುದ್ರೆ ಪೆಡ್ಲು ನೆಲಕ್ಕೆ ತಾಕ್ತದೆ. ಎರಡು ಮಡಗುದ್ರೆ ಜನ ನಗಾಕಿಲ್ಲ."

ಸಾವಿನ ಮನೆಗೆ ಹೊರಟವರ ಮುಖ ಹೊತ್ತುಕೊಂಡು ಇಷ್ಟು ಹೇಳಿ, ಎದುರುಮನೆಯ ಗೇಟು ತಳ್ಳಿ ಒಳಗೆ ಹೋದರು. ಮೂವತ್ತೈದು ವರ್ಷಕ್ಕೂ ಮೇಲೆ ಅವರು ಸರ್ಕಸ್ಸಿನಲ್ಲಿ ಜೋಕರ್ ಆಗಿದ್ದರೆಂದು ನನಗೆ ಹೇಳಿದ್ದು ಹಾಲು ಹಾಕುವವಳು.

ಜೋಕರ್ ಅಂದರೆ ನಗುನಗುತ್ತಾ ಇರುವವರು ಅಂದುಕೊಂಡಿದ್ದೆ. ಇವರು ನಗುತ್ತಿರಲಿಲ್ಲ. ಸಿಡುಕರೇನೂ ಅಲ್ಲ, ನಗು ಅವರಿಗೆ ಕಸುಬಿನ ವಿಷಯ, ಅಷ್ಟೇ. ಯಾರಾದರೂ ಜೋಕ್ ಹೇಳಿದರೆ ಅಕ್ಕಸಾಲಿ ಬೇರೆಯವನ ಕೆಲಸದ ಒಡವೆ ನೋಡುವಂತೆ ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಳ್ಳುವರು. "ಕೊನೇಲಿ ಒಸಿ ಬೇಗ ಮುಗಿಸ್ಬುಟ್ರಿ ನೀವು" ಎನ್ನುವರು. ಒಮ್ಮೆ ನಾನು ಮಳೆಯಲ್ಲಿ ಅಂಗಳದಲ್ಲಿ ಜಾರಿ ಬಿದ್ದೆ. ಓಡಿ ಬಂದು ಎತ್ತಿ ಕೂರಿಸಿ, ಮೊಣಕೈ ತಿರುಗಿಸಿ ನೋಡಿ, ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದರು: "ಬೀಳಾದು ಯಾರಾದ್ರೂ ಬೀಳ್ತಾರೆ ಮೇಷ್ಟ್ರೇ. ಎಲ್ಲಿ ಬೀಳ್ತೀನಿ ಅಂತ ಮೊದ್ಲೇ ಗೊತ್ತಿರ್ಬೇಕು."

ಅವರ ಮನೆಯ ಪಡಸಾಲೆಯಲ್ಲಿ ನಾಲ್ಕು ಸೈಕಲ್ಲುಗಳಿದ್ದವು. ಸರ್ಕಸ್ ಕಂಪನಿ ಮುಚ್ಚಿದಾಗ ಕೇಳಿ ಇಸಿದುಕೊಂಡು ಲಾರಿಯ ಮೇಲೆ ಹಾಕಿಕೊಂಡು ಬಂದವು. ಸೊಪ್ಪು ಹೊರುತ್ತಿದ್ದದ್ದು ಕುಂಟು ಸೈಕಲ್ಲು. ಎರಡನೆಯದು ಗೇಣು ಸೈಕಲ್ಲು, ನಿಜಕ್ಕೂ ಒಂದು ಗೇಣು ಎತ್ತರ. ಅದರ ಮೇಲೆ ಕೂತರೆ ಮಂಡಿ ಕಿವಿಯ ಹತ್ತಿರ ಬರುತ್ತಿತ್ತು. ರೇಷ್ಮೆಯ ಹುಳುಮನೆಯಲ್ಲಿ ಕೆಳಗಿನ ಅಂತಸ್ತಿನ ತಟ್ಟೆಗಳ ಕಸ ತೆಗೆಯುವಾಗ ಅವರು ಬಗ್ಗುತ್ತಿರಲಿಲ್ಲ, ಅದರ ಮೇಲೆ ಕೂತು ಈ ತುದಿಯಿಂದ ಆ ತುದಿಗೆ ಉರುಳಿಕೊಂಡು ಹೋಗುತ್ತಿದ್ದರು. ಮೂರನೆಯದು ಏಣಿ ಸೈಕಲ್ಲು. ಸೀಟು ಆಳಿನ ತಲೆಗಿಂತ ಮೇಲೆ. ಬೀದಿಯಲ್ಲಿ ಯಾರ ಮನೆಯ ನುಗ್ಗೆಮರ ಕಾಯಿ ಬಿಟ್ಟರೂ ಇವರಿಗೆ ಕರೆ ಬರುತ್ತಿತ್ತು. ಗೋಡೆ ಹಿಡಿದು ಹತ್ತಿ, ಕೊಂಬೆ ಹಿಡಿದು ನಿಂತು, ಕಾಯಿ ಕಿತ್ತು ಕೆಳಗಿನ ಹೆಂಗಸರ ಮಡಿಲಿಗೆ ಸರಿಯಾಗಿ ಎಸೆಯುವರು. ಇಳಿಯುವಾಗ ಬೇಕೆಂದೇ ಒಂದು ಸಲ ವಾಲುವರು. ಹೆಂಗಸರು ಅಯ್ಯಯ್ಯೋ ಎನ್ನುವರು. ಅದು ನುಗ್ಗೆಕಾಯಿಯ ಜೊತೆಗೆ ಕೊಸರು.

ನಾಲ್ಕನೆಯದರ ಮೇಲೆ ಯಾವಾಗಲೂ ಹಳೆಯ ಜಮಖಾನ ಹೊದಿಸಿರುತ್ತಿತ್ತು. ಅದೇನೆಂದು ಕೇಳಿದರೆ "ಅದು ಆಟದ್ದು" ಎನ್ನುವರು. ಮುಂದಕ್ಕೆ ಮಾತಿಲ್ಲ. ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಕಂಪನಿಯ ಗುಟ್ಟು ಗುಟ್ಟೇ.

ಅವರ ಹುಟ್ಟೂರು ಸಾತನೂರಿನ ಕಡೆ. ಕುರಿ ಸಾಕುವ ಮನೆತನ. ಹರೆಯದಲ್ಲಿ ಒಂದು ಸಲ ಕನಕಪುರದಲ್ಲಿ ಸರ್ಕಸ್ಸು ಬೀಡುಬಿಟ್ಟಾಗ ಆನೆಗೆ ಆಲದ ಸೊಪ್ಪು ಹಾಕಲು ಹೋದವರು ಆನೆಯ ಜೊತೆಗೇ ಹೊರಟುಹೋದರಂತೆ. "ಕುರಿ ಹಿಂದ್ಗಡೆ ಎಷ್ಟು ನಡುದ್ರೂ ಒಂದೇ ಸಾ. ಒಬ್ರಾದ್ರೂ ತಿರುಗಿ ನೋಡ್ಬೇಕಲ್ಲ" ಎಂದು ಅದಕ್ಕೆ ಕಾರಣ ಕೊಡುತ್ತಿದ್ದರು. ಮದುವೆಯಾದದ್ದು ನಮ್ಮೂರಿನ ಹೆಣ್ಣನ್ನು. ಗಂಡು ಕಂಪನಿಯಲ್ಲಿ ಕೆಲಸದಲ್ಲಿದ್ದಾನೆ ಎಂದಷ್ಟೇ ಹೆಣ್ಣಿನ ಕಡೆಯವರಿಗೆ ಗೊತ್ತಿತ್ತು. ಯಾವ ಕಂಪನಿ, ಏನು ಕೆಲಸ ಎಂದು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಆಕೆಗೆ ವಿಷಯ ತಿಳಿದದ್ದು ಮದುವೆಯಾದ ಮರುವರ್ಷ, ಕಂಪನಿ ರಾಮನಗರಕ್ಕೆ ಬಂದಾಗ. ಗಂಡನನ್ನು ನೋಡಿಬರೋಣವೆಂದು ಹೇಳದೆ ಕೇಳದೆ ತಂಗಿಯನ್ನು ಕರೆದುಕೊಂಡು ಬಸ್ಸು ಹತ್ತಿದರು. ಡೇರೆಯ ಬಾಗಿಲಲ್ಲಿ ನಿಂತು ಇಂಥವರು ಎಲ್ಲಿ ಎಂದು ಕೇಳಿದರೆ, ಅಲ್ಲಿದ್ದವನು, "ಒಳಗವ್ನೆ ಕಣಮ್ಮ, ಕೇಳುಸ್ತಿಲ್ವಾ?" ಎಂದನಂತೆ. ಒಳಗೆ ಸಾವಿರ ಜನ ಒಟ್ಟಿಗೆ ನಗುತ್ತಿದ್ದರು. ಆಕೆ ಒಳಗೆ ಹೋಗಲಿಲ್ಲ. ತಂಗಿಯ ಕೈ ಹಿಡಿದು ಹಾಗೆಯೇ ತಿರುಗಿ ಬಂದುಬಿಟ್ಟರು. ಆಮೇಲೆ ಎಷ್ಟು ಕರೆದರೂ ಯಾವ ಊರಿನ ಆಟಕ್ಕೂ ಹೋಗಲಿಲ್ಲ. ನಮ್ಮ ಬೀದಿಯಲ್ಲಿ ಯಾರಾದರೂ ಬಾಯ್ತಪ್ಪಿ ಜೋಕರ್ ಎಂದರೆ ಆ ಮನೆಗೆ ಒಂದು ತಿಂಗಳು ಆಕೆ ಕೊಡುವ ಮಜ್ಜಿಗೆ ಇರುತ್ತಿರಲಿಲ್ಲ.

ಇದನ್ನು ನನಗೆ ಯಜಮಾನರೇ ಹೇಳಿದ್ದು, ಒಂದು ಭಾನುವಾರ, ಜಗಲಿಯ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಾ.

"ನನ್ ಗಂಡುನ್ನ ನೋಡಿ ಊರೂರೇ ನಗ್ತಿತ್ತು ಅಂತ ಅವ್ಳಿಗೆ ಹೊಟ್ಟೇಲಿ ಕೆಂಡ ಮೇಷ್ಟ್ರೇ. ಜನ ನನ್ನ ನೋಡಿ ನಗ್ನಿಲ್ಲ. ನಾನ್ ನಗಿಸ್ದೆ, ಅವ್ರು ನಕ್ರು. ಎರಡುಕ್ಕೂ ವ್ಯತ್ಯಾಸ ಐತೆ. ಬಾಯಲ್ ಹೇಳುದ್ರೆ ಅದು ತಿಳಿಯಾಕಿಲ್ಲ. ಕಣ್ಣಲ್ಲಿ ನೋಡ್ಬೇಕು. ಒಂದು ಸಲಿ ನೋಡ್ಲಿ ಅಂತ ಆಸೆ."

ಎಪ್ಪತ್ತು ದಾಟಿದ ಮನುಷ್ಯ. ನಮ್ಮ ಶಾಲೆಯ ವಾರ್ಷಿಕೋತ್ಸವ ಹತ್ತಿರದಲ್ಲಿತ್ತು. ಅದರಲ್ಲಿ ಒಂದು ಆಟ ಇಟ್ಟುಕೊಳ್ಳಿ ಎಂದೆ. ಅವರು ಎಣ್ಣೆಯ ಡಬ್ಬಿಯ ಮುಚ್ಚಳ ಹಾಕಿ, "ಯಾವತ್ತು?" ಎಂದರು.

ಯಾವತ್ತು ಎನ್ನುವುದೇ ದೊಡ್ಡ ಪ್ರಶ್ನೆಯಾಯಿತು. ರೇಷ್ಮೆ ಸಾಕುವ ಮನೆಯ ಹೆಂಗಸಿಗೆ ಮಧ್ಯಾಹ್ನದ ಮೇಲೆ ಎರಡು ಗಂಟೆಯ ಬಿಡುವು ಸಿಗುವುದೆಂದರೆ ಹುಡುಗಾಟವಲ್ಲ. ಹುಳು ತಿನ್ನುವಾಗ ಸೊಪ್ಪು ಹಾಕುತ್ತಲೇ ಇರಬೇಕು, ಹಣ್ಣಾದಾಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮೈಪೊರೆ ಕಳಚುವ ಮುಂಚೆ ಮಾತ್ರ ಹುಳು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಇರುತ್ತವೆ. ಜ್ವರಕ್ಕೆ ಕೂತವು ಎನ್ನುತ್ತಾರೆ. ಸುಣ್ಣದ ಪುಡಿ ಉದುರಿಸಿ ಬಾಗಿಲು ಹಾಕಿದರೆ ಆ ದಿನ ಮನೆಯವರಿಗೆ ರಜೆ. ಯಜಮಾನರು ಬೆರಳು ಮಡಿಸಿ ಎಣಿಸಿ, ಎಳೆಯ ಹುಳು, ಅಂದರೆ ಚಾಕಿ ಮರಿ, ಯಾವತ್ತು ತಂದರೆ ನಾಲ್ಕನೇ ಜ್ವರ ಯಾವತ್ತು ಬರುತ್ತದೆಂದು ಲೆಕ್ಕ ಹಾಕಿ, ಒಂದು ಗುರುವಾರ ಹೇಳಿದರು. ನಾನು ಹೋಗಿ ಹೆಡ್‌ಮೇಡಂ ಮುಂದೆ ನಿಂತೆ. ಅವರೂ ಸಾತನೂರಿನ ರೇಷ್ಮೆ ಮನೆಯ ಮಗಳು. "ಹುಳ ಜ್ವರಕ್ಕೆ ಕೂತ್ರೆ ಊರೋರೆಲ್ಲ ಬತ್ತಾರೆ, ಒಳ್ಳೇದೇ ಆಯ್ತು ಬಿಡಿ" ಎಂದು ತಾರೀಕು ಬದಲಾಯಿಸಿದರು. ಅತಿಥಿಗಳಿಗೆ ಮಾತ್ರ ಕಾರಣ ತಿಳಿಸಲಿಲ್ಲ.

ಮನೆಯಾಕೆ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. "ಹುಳ ಕೂತ್ರೆ ನೋಡಾಣ" ಎಂದರು. ಹುಳು ಹೇಳಿದ ದಿನಕ್ಕೆ ಸರಿಯಾಗಿ ಕೂತವು.

ಈಗ ನನ್ನ ಘನಕಾರ್ಯ. ಆಟದ ಹಿಂದಿನ ದಿನ ಅವರು ಜಮಖಾನದ ಸಮೇತ ನಾಲ್ಕನೆಯ ಸೈಕಲ್ಲನ್ನು ತಂದು ನಮ್ಮ ಪ್ರಯೋಗಾಲಯದ ಕೋಣೆಯಲ್ಲಿಟ್ಟು, ಬೀಗದ ಕೈ ನನಗೇ ಕೊಟ್ಟರು. "ಯಾರೂ ಮುಟ್ದಂಗೆ ನೋಡ್ಕಳಿ ಮೇಷ್ಟ್ರೇ" ಎಂದರು. ಆ ಯಾರೂ ಎನ್ನುವುದರಲ್ಲಿ ನಾನೂ ಸೇರಿದ್ದೇನೆಂದು ನನಗೆ ಹೊಳೆಯಲಿಲ್ಲ. ಅವರು ಹೋದ ಮೇಲೆ ಜಮಖಾನ ಸರಿಸಿದೆ. ನೋಡಲು ಸಾಧಾರಣ ಸೈಕಲ್ಲು. ಹ್ಯಾಂಡಲ್ ಹಿಡಿದು ಅಲ್ಲಾಡಿಸಿದರೆ ಲಡಲಡ ಎಂದಿತು. ಕ್ಯಾರಿಯರ್ ಅಲ್ಲಾಡುತ್ತಿದೆ, ಮಡ್‌ಗಾರ್ಡು ಅಲ್ಲಾಡುತ್ತಿದೆ, ಮುಂದಿನ ಚಕ್ರವೇ ಅಲ್ಲಾಡುತ್ತಿದೆ. ಬಗ್ಗಿ ನೋಡಿದರೆ ನಟ್ಟು ಬೋಲ್ಟು ಇರಬೇಕಾದ ಕಡೆಯೆಲ್ಲ ಕಿರುಬೆರಳಿನಷ್ಟು ಮರದ ಗೂಟಗಳು. ಅವಕ್ಕೆ ದಾರ ಬೇರೆ ಕಟ್ಟಿದೆ. ಪಾಪ, ಇಷ್ಟು ವರ್ಷದಿಂದ ಬೋಲ್ಟು ಸಿಗದೆ ಮರ ಹೊಡೆದುಕೊಂಡು, ಬಿದ್ದುಹೋಗದಂತೆ ದಾರ ಬಿಗಿದು ಇಟ್ಟುಕೊಂಡಿದ್ದಾರೆ. ಈ ವಯಸ್ಸಿನಲ್ಲಿ ಇದರ ಮೇಲಿಂದ ಬಿದ್ದರೆ ಸೊಂಟ ಉಳಿಯುತ್ತದೆಯೇ? ಅದೂ ಹೆಂಡತಿಯ ಕಣ್ಣೆದುರಿಗೆ.

ಸೈಕಲ್ ಶಾಪಿನವನನ್ನು ಕರೆಸಿದೆ. ಅವನೂ ನೋಡಿ ತಲೆ ಚಚ್ಚಿಕೊಂಡ. "ಯಾವ ಸೀಮೆ ರಿಪೇರಿ ಸಾ ಇದು" ಎಂದ. ಇಬ್ಬರೂ ಸೇರಿ ದಾರ ಕತ್ತರಿಸಿದೆವು, ಗೂಟ ಹೊಡೆದು ತೆಗೆದೆವು, ಅಷ್ಟಕ್ಕೂ ಒಳ್ಳೆಯ ಸ್ಟೀಲ್ ಬೋಲ್ಟು ಹಾಕಿ ಬಿಗಿಸಿದೆವು. ಗೂಟಗಳನ್ನು ಅವನು ಕಸದ ಬುಟ್ಟಿಗೆ ಹಾಕಿದ, ಬುಟ್ಟಿಯ ಕಸ ಅಂದೇ ಸಂಜೆ ಒಲೆಗೆ ಹೋಯಿತು. ಅಲ್ಲಾಡಿಸಿ ನೋಡಿದೆ. ಬಂಡೆ. ಯಜಮಾನರಿಗೆ ಹೇಳಬಾರದು, ತಾನಾಗಿ ತಿಳಿಯಲಿ, ಉಪಕಾರ ಮಾಡಿದವನು ಡಂಗುರ ಹೊಡೆಯಬಾರದು ಅಂದುಕೊಂಡು ನೆಮ್ಮದಿಯಾಗಿ ಮನೆಗೆ ಹೋದೆ.

ಗುರುವಾರ ನಾಲ್ಕು ಗಂಟೆಗೆ ಮೈದಾನ ತುಂಬಿತ್ತು. ಶಾಮಿಯಾನದ ಕೆಳಗೆ ಹೆಂಗಸರ ಎರಡನೇ ಸಾಲಿನಲ್ಲಿ ಮನೆಯಾಕೆ ಕೂತಿದ್ದರು. ತೊಡೆಯ ಮೇಲೆ ಕೈ, ಮುಖ ಗಟ್ಟಿ. ಯಜಮಾನರು ಬಿಳಿ ಬಣ್ಣ ಬಳಿದು, ಮೂಗಿಗೆ ಕುಂಕುಮ ಮೆತ್ತಿ, ಇಬ್ಬರು ಹಿಡಿಸುವಷ್ಟು ದೊಗಲೆ ಪ್ಯಾಂಟು ಹಾಕಿ, ಕಂಕುಳಲ್ಲಿ ಒಂದು ಫೈಲು ಇಟ್ಟುಕೊಂಡು ಸ್ಟೇಜಿನ ಹಿಂದೆ ನಿಂತಿದ್ದರು. ಆಫೀಸಿಗೆ ಹೊರಟ ದೊಡ್ಡ ಮನುಷ್ಯರ ವೇಷ. ಕೈಗೆ ಬಂದ ಸಾಮಾನು ಮುಟ್ಟಿ ಪರೀಕ್ಷೆ ಮಾಡದೆ ಆಟಕ್ಕೆ ಇಳಿಯುವವರಲ್ಲ ಅವರು. ಆದರೆ ಆ ದಿನ ಕಣ್ಣೆಲ್ಲ ಹೆಂಗಸರ ಸಾಲಿನ ಕಡೆಗೇ ಇತ್ತು. ನಾನು ಕೊಟ್ಟ ಸೈಕಲ್ಲನ್ನು ಹಾಗೆಯೇ ಹತ್ತಿಬಿಟ್ಟರು.

ಗಾಂಭೀರ್ಯದಿಂದ ಅರ್ಧ ಸುತ್ತು ಬಂದರು. ಹ್ಯಾಂಡಲಿನ ಹಿಡಿಯ ಒಳಗಿನಿಂದ ಏನನ್ನೋ ಬೆರಳಲ್ಲಿ ಎಳೆದರು. ಒಂದು ಸಣ್ಣ ಉಂಗುರ, ಅದರ ತುದಿಗೆ ನಾನು ಕತ್ತರಿಸಿದ ದಾರದ ತುಂಡು, ಅವರ ಕೈಗೆ ಬಂತು. ಅವರು ಅದನ್ನು ನೋಡಿದರು. ಇನ್ನೊಂದು ಉಂಗುರ ಎಳೆದರು. ಅದೂ ಬಂತು. ಬಗ್ಗಿ ಮಡ್‌ಗಾರ್ಡಿನ ಬುಡ ಮುಟ್ಟಿದರು, ಬೋಲ್ಟು ಬೆರಳಿಗೆ ಸಿಕ್ಕಿತು. ತಲೆ ಎತ್ತಿ, ಅಷ್ಟು ಜನರ ನಡುವೆ ನೇರ ನನ್ನನ್ನು ನೋಡಿದರು. ಆಗ ನನಗೆ ತಿಳಿಯಿತು. ಅದು ಬೀಳಲೆಂದೇ ಮಾಡಿದ ಸೈಕಲ್ಲು. ಬೆಲ್ಲು, ಕ್ಯಾರಿಯರ್, ಮಡ್‌ಗಾರ್ಡು, ಹ್ಯಾಂಡಲ್, ಮುಂದಿನ ಚಕ್ರ, ದಾರ ಎಳೆದಂತೆ ಗೂಟ ಕಳಚಿ ಒಂದಾದ ಮೇಲೊಂದು ಉದುರಿ, ಕೊನೆಗೆ ಸವಾರ ಹಿಂದಿನ ಚಕ್ರದ ಮೇಲೆ ಹೊರಟುಹೋಗಬೇಕು. ನಾನು ಅದನ್ನು ಬಿಗಿಸಿ ಕೂರಿಸಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಇನ್ನೊಂದು ಸುತ್ತು ಬಂದರು. ಜನ ಕಾಯುತ್ತಿದ್ದರು. ಹಿಂದಿನಿಂದ ಒಬ್ಬ, "ಸುಮ್ನೆ ಸೈಕಲ್ ಹೊಡೀತಾವ್ನೆ ಕಣ್ಲಾ" ಎಂದದ್ದು ಎಲ್ಲರಿಗೂ ಕೇಳಿಸಿತು. ಅವರು ಇಳಿದು ಬೆಲ್ಲಿಗೆ ಕಿವಿಯಿಟ್ಟರು. ಸೈಕಲ್ಲಿಗೆ ಕೈಮುಗಿದರು. ಹ್ಯಾಂಡಲ್ ಹಿಡಿದು, ಚಕ್ರಕ್ಕೆ ಕಾಲು ಕೊಟ್ಟು ಎಳೆದರು. ಮುಂದೆ ಕೂತ ಮಕ್ಕಳು ಅಲ್ಲೊಂದು ಇಲ್ಲೊಂದು ಕಿಸಕ್ಕೆಂದವು, ಅಷ್ಟೇ. ಬಣ್ಣದ ಕೆಳಗೆ ಅವರ ಕತ್ತು ಬೆವರುತ್ತಿತ್ತು.

ಆಗ ಮನೆಯಾಕೆ ಎದ್ದು ನಿಂತರು. "ಬೆಲ್ಲು ಇಷ್ಟೊತ್ಗೆ ಬೀಳ್ಬೇಕಾಗಿತ್ತು" ಎಂದು ಪಕ್ಕದವಳಿಗೆ ಹೇಳಿದರು. ಆಟ ನೋಡದಿದ್ದರೇನು, ಇಷ್ಟು ವರ್ಷ ಅದೇ ಪಡಸಾಲೆಯಲ್ಲಿ ಗಂಡ ಗೂಟಕ್ಕೆ ಮೇಣ ಸವರುವುದನ್ನು, ದಾರ ಬದಲಾಯಿಸುವುದನ್ನು ನೋಡಿದವರಲ್ಲವೇ. ಯಾವುದರ ಹಿಂದೆ ಯಾವುದು ಬೀಳಬೇಕೆಂದು ಆ ಮೈದಾನದಲ್ಲಿ ಅವರಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲು ದಾಟಿ, ಮೈದಾನದ ನಡುವಿಗೇ ಹೋದರು. ಬಗ್ಗಿ ಮುಂದಿನ ಚಕ್ರ ನೋಡಿದರು, ಹ್ಯಾಂಡಲ್ ನೋಡಿದರು.

"ಯಾವನು ಇದ್ಕೆ ಬೋಲ್ಟಾಕ್ದೋನು? ಅವನ್ ಕೈ ಸೇದೋಗ."

ನಾನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ಯಜಮಾನರು ಆ ಕ್ಷಣ ಬಿಡಲಿಲ್ಲ. ಹೆಂಡತಿಗೆ ನಡು ಬಗ್ಗಿಸಿ ನಮಸ್ಕಾರ ಮಾಡಿ, ಕೈಯಲ್ಲಿದ್ದ ಉಂಗುರವನ್ನು ಆಕೆಯ ಅಂಗೈಯಲ್ಲಿಟ್ಟರು. ಆಕೆ ಅದನ್ನು ಅತ್ತ ಎಸೆದು ಹ್ಯಾಂಡಲ್ ಹಿಡಿದು ಎಳೆದರು. ಇವರು ಸೀಟು ಹಿಡಿದು ಆ ಕಡೆಗೆ ಎಳೆದರು. ಆಕೆ ನಿಜವಾದ ಸಿಟ್ಟಿನಲ್ಲಿ, ಇವರು ಆಟದಲ್ಲಿ. ಸೈಕಲ್ಲು ಇಬ್ಬರ ನಡುವೆ ಬಿಗಿಯಾಗಿ ನಿಂತಿತ್ತು. ಮೈದಾನ ನಗೆಯಲ್ಲಿ ಒಡೆದುಹೋಯಿತು.

ಆಕೆ ನಿಂತುಬಿಟ್ಟರು. ತಿರುಗಿ ಜನರನ್ನು ನೋಡಿದರು. ರಾಮನಗರದ ಡೇರೆಯ ಹೊರಗೆ ಕೇಳಿದ ನಗುವೇ ಈಗ ಅವರ ಮೈಮೇಲೆ ಬೀಳುತ್ತಿತ್ತು. ಅತ್ತುಬಿಡುತ್ತಾರೆ, ಇಲ್ಲ ಮನೆಗೆ ಹೋಗಿಬಿಡುತ್ತಾರೆ ಅಂದುಕೊಂಡು ನಾನು ಹತ್ತಿರ ಓಡಿದೆ. ಯಜಮಾನರು ಮುಖ ತಿರುಗಿಸದೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

"ನಿನ್ನ ಆಡ್ಕಂಡು ನಗ್ತಾ ಇಲ್ಲ ಅವ್ರು. ನೀನ್ ಎಳುದ್ಯಲ್ಲ, ಅದುಕ್ಕೆ ನಗ್ತಾವ್ರೆ. ಬೇಕಾರೆ ಇನ್ನೊಂದ್ ಸಲಿ ಎಳುದು ನೋಡು."

ಆಕೆ ಗಂಡನನ್ನು ನೋಡಿದರು. ಆಮೇಲೆ ಹ್ಯಾಂಡಲ್ ಹಿಡಿದು, ಈ ಸಲ ಬೇಕೆಂದೇ, ಒಂದೇ ಒಂದು ಎಳೆತ ಎಳೆದರು. ನಗು ಇನ್ನೂ ಜೋರಾಯಿತು. ಎಳೆದಾಗ ಬರುತ್ತದೆ, ಬಿಟ್ಟಾಗ ನಿಲ್ಲುತ್ತದೆ ಎನ್ನುವುದು ಅವರ ಕೈಗೆ ತಿಳಿದದ್ದು ಮುಖದಲ್ಲಿ ಕಾಣಿಸಿತು. ಮೂರನೇ ಸಲ ಎಳೆಯುವ ಹೊತ್ತಿಗೆ ಅವರೂ ನಗುತ್ತಿದ್ದರು. ಬಾಯಿಗೆ ಸೆರಗು ಅಡ್ಡ ಬರಲಿಲ್ಲ.

ಸಂಜೆ ತಪ್ಪೊಪ್ಪಿಕೊಳ್ಳಲು ಹೋದೆ. ಯಜಮಾನರು ಕೊಬ್ಬರಿ ಎಣ್ಣೆಯಲ್ಲಿ ಮುಖದ ಬಣ್ಣ ಒರೆಸುತ್ತಾ ಕೂತಿದ್ದರು. "ನೀವೇ ಅಲ್ವಾ ಮೇಷ್ಟ್ರೇ" ಎಂದರು. ಹೌದೆಂದೆ. "ಗೂಟ ಎಲ್ಲಿ?" ಎಂದರು. ಒಲೆಗೆ ಹೋಯಿತೆಂದೆ. ಅವರು ಬಟ್ಟೆ ಕೆಳಗಿಟ್ಟರು. ಅಷ್ಟು ನೊಂದ ಮುಖವನ್ನು ಅವರಲ್ಲಿ ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆಯನ್ನು ಮತ್ತೆ ಎಣ್ಣೆಗೆ ಅದ್ದಿಕೊಂಡು ಮಾತಾಡಿದರು.

"ಮಾಗಡೀಲಿ ನಿಮ್ಮಂಗೆ ಒಬ್ರು ಸಿಕ್ಕಿದ್ರು. ಮುಂದ್ಗಡೆ ಕೂತಿದ್ದ ಮುದುಕಪ್ಪ. ನಾನು ಒಂದೊಂದೇ ಬೀಳುಸ್ತಾ ಹೋದ್ರೆ, ಅಯ್ಯೋ ಬಿದ್ದೋಯ್ತು ತಗಳಪ್ಪ ಅಂತ ಹಿಂದ್ಗಡೆಯಿಂದ ಆರಿಸ್ಕಂಡು ತಂದು ಕೊಡೋರು. ಕ್ಯಾರಿಯರ್ ತಂದ್ಕೊಟ್ರು, ಮಡ್‌ಗಾರ್ಡ್ ತಂದ್ಕೊಟ್ರು. ಒಳ್ಳೇರ ಮುಂದೆ ಈ ಆಟ ಆಡಾದು ಬಲು ಕಷ್ಟ ಮೇಷ್ಟ್ರೇ."

ಒಳಗಿನಿಂದ ಮನೆಯಾಕೆ ಕಾಫಿ ತಂದರು. "ಕೈ ಸೇದೋಗ ಅಂದಿದ್ನ ವಾಪಸ್ ತಗಂಡಿದೀನಿ, ಕುಡೀರಿ" ಎಂದು ಲೋಟ ಕೊಟ್ಟು ಹೋದರು. ಅವರು ಒಳಗೆ ಹೋದದ್ದನ್ನು ನೋಡಿಕೊಂಡು ಯಜಮಾನರು ತಗ್ಗಿದ ದನಿಯಲ್ಲಿ ಹೇಳಿದರು: "ನಕ್ಲು, ಸಂತೋಸ. ಆದ್ರೆ ನನ್ನ ಆಟ ನೋಡ್ನಿಲ್ಲ. ಇವತ್ತು ಆಗಿದ್ದು ನನ್ನ ಆಟ ಅಲ್ಲ."

ಮುಂದಿನ ಶನಿವಾರ ಇಬ್ಬರೂ ಚನ್ನಪಟ್ಟಣಕ್ಕೆ ಹೋದೆವು. ಗೊಂಬೆ ಮಾಡುವ ಒಬ್ಬರ ಪಟ್ಟಡೆಯಲ್ಲಿ ಗೂಟ ಕಡೆಯಲು ಕೂತೆವು. ಹಾಲೆ ಮರವೇ ಆಗಬೇಕು, ಅದು ಸದ್ದಿಲ್ಲದೆ ಜಾರುತ್ತದೆ, ಕಬ್ಬಿಣ ಕಿರುಗುಟ್ಟಿ ಗುಟ್ಟು ಬಿಟ್ಟುಕೊಡುತ್ತದೆ ಎಂದು ವಿವರಿಸಿದರು. ಸ್ಕೇಲು ಹಿಡಿದು ಅಳತೆ ನೋಡುವ ಕೆಲಸ ನನಗೆ ಬಿತ್ತು. ನಾನು ಸರಿಯಾಗಿದೆ ಎಂದದ್ದನ್ನೆಲ್ಲ ಅವರು ಬೇಡವೆಂದರು. "ಸರಿಯಾಗಿದ್ರೆ ಬೀಳಾಕಿಲ್ಲ. ಒಂದ್ ಕೂದ್ಲೆಳೆ ತಪ್ಪಾಗಿರ್ಬೇಕು. ಎರಡ್ ಕೂದ್ಲಾದ್ರೆ ತಾನೇ ಬೀಳ್ತದೆ." ಇಪ್ಪತ್ತೆಂಟು ವರ್ಷ ತಪ್ಪು ತಿದ್ದಿದ ನಾನು ಆ ದಿನ ಕೂದಲೆಳೆಯಷ್ಟು ತಪ್ಪನ್ನು ಅಳೆದು ಮಾಡುವುದು ಕಲಿತೆ. ಹಗುರವಾಯಿತು ಮನಸ್ಸು.

ಆ ಬೆಳೆಯ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮರುದಿನ ಮಧ್ಯಾಹ್ನ ನನ್ನನ್ನು ಕರೆದರು. ಖಾಲಿ ಚಂದ್ರಿಕೆಗಳನ್ನು ಬಿಸಿಲಿಗೆ ಗೋಡೆಗೆ ಒರಗಿಸಿತ್ತು. ಮನೆಯಾಕೆ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಗೇಟಿನ ಹತ್ತಿರ ನಿಂತೆ. ಬೇರೆ ಯಾರೂ ಇರಲಿಲ್ಲ. ಹುಳುಮನೆಯ ಹಿಂದಿನಿಂದ ಅವರು ಸೈಕಲ್ ಹೊಡೆದುಕೊಂಡು ಬಂದರು. ಬಣ್ಣವಿಲ್ಲ, ವೇಷವಿಲ್ಲ, ಪಟಾಪಟಿ ಚಡ್ಡಿ, ಹೆಗಲ ಮೇಲೆ ಟವೆಲ್.

ಬೆಲ್ಲು ಬಿತ್ತು. ಬೇರೆ ಯಾರದೋ ಬಿದ್ದಿತೇನೋ ಎಂಬಂತೆ ಹಿಂದೆ ತಿರುಗಿ ನೋಡಿ ಮುಂದೆ ಹೋದರು. ಕ್ಯಾರಿಯರ್ ಬಿತ್ತು, ಮಡ್‌ಗಾರ್ಡು ಬಿತ್ತು. ಹ್ಯಾಂಡಲ್ ಕೈಗೆ ಬಂತು. ಅದನ್ನು ಹಿಡಿದುಕೊಂಡೇ ಗಾಳಿಯಲ್ಲಿ ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ, ಆಮೇಲೆ ಬೇಡವೆಂದು ಕೆಳಗಿಟ್ಟರು. ಮುಂದಿನ ಚಕ್ರ ಬಿಟ್ಟುಕೊಂಡು ತನ್ನ ಪಾಡಿಗೆ ಕೊಟ್ಟಿಗೆಯ ಕಡೆ ಉರುಳಿಹೋಯಿತು. ಅವರು ಅದಕ್ಕೆ ಟಾಟಾ ಮಾಡಿ, ಉಳಿದ ಒಂದು ಚಕ್ರದ ಮೇಲೆ ಕೈಕಟ್ಟಿ ಕೂತು, ಹೆಂಡತಿಯ ಮುಂದೆ ಒಂದು ಸುತ್ತು ಬಂದರು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಗೇಟಿಗೆ ಒರಗಿದೆ. ಆಕೆ ನಗಲಿಲ್ಲ. ಒಂದೊಂದು ಬಿದ್ದಾಗಲೂ ಒಂದು ಸಲ ತಲೆಯಾಡಿಸುತ್ತಿದ್ದರು. ಸುತ್ತು ಮುಗಿಯುವಲ್ಲಿ ಚಕ್ರವೂ ಕೆಳಗಿನಿಂದ ಜಾರಿತು, ಅವರು ಸೊಪ್ಪಿನ ಕಡ್ಡಿಯ ರಾಶಿಯ ಮೇಲೆ ಅಂಗಾತ ಬಿದ್ದರು.

ಮನೆಯಾಕೆ ಎದ್ದರು. ಅವಸರವಿಲ್ಲದೆ ಅಂಗಳದಲ್ಲಿ ನಡೆದು, ಬಿದ್ದ ಕ್ರಮದಲ್ಲೇ ಬೆಲ್ಲು, ಕ್ಯಾರಿಯರ್, ಮಡ್‌ಗಾರ್ಡು, ಹ್ಯಾಂಡಲ್ ಎತ್ತಿಕೊಂಡರು. ಗೂಟಗಳನ್ನು ಹುಡುಕಿ ಆರಿಸಿ, ಮಣ್ಣು ಊದಿ ಸೆರಗಿನಲ್ಲಿ ಹಾಕಿಕೊಂಡರು. ಗಂಡ ಬಿದ್ದಿದ್ದ ಕಡೆಗೆ ಹೋಗಿ ಮೇಲಿನಿಂದ ಅವರನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಚೆಂದಾಗಿ ಬಿದ್ರಿ ಕಣಿ."